ಜೀವನಾಂಶ: ಎಲ್ಲ ದುಡ್ಡಿಗೂ ಅದೊಂದೇ ಹೆಸರಲ್ಲ

ಹೋದ ವಾರ ಪರಿಚಯದ ಜೋಡಿಯೊಂದು ತಾವೇ ಬರೆದ ವಿಚ್ಛೇದನದ ಜಂಟಿ ಅರ್ಜಿಯನ್ನು ಓದಿ ನೋಡಿ ಅಂತ ಕಳಿಸಿತ್ತು. ಜಗಳವಿಲ್ಲ, ವಕೀಲರಿಲ್ಲ, ಇಬ್ಬರೂ ಕೂತು ಮಾತಾಡಿ ಟೈಪ್ ಮಾಡಿದ್ದು. ಆರನೇ ಪ್ಯಾರಾ ಹೀಗಿತ್ತು: ‘ಒಂದನೇ ಅರ್ಜಿದಾರರು ಎರಡನೇ ಅರ್ಜಿದಾರರಿಗೆ ಜೀವನಾಂಶದ ಬಾಬ್ತು 18 ಲಕ್ಷ ರೂಪಾಯಿಗಳನ್ನು ಆರು ಕಂತುಗಳಲ್ಲಿ ಕೊಡತಕ್ಕದ್ದು.’

18 ಲಕ್ಷ ಹೇಗೆ ಬಂತು ಅಂತ ಕೇಳಿದೆ. ಅವಳ ಒಡವೆ ಮಾರಿ ಫ್ಲ್ಯಾಟಿಗೆ ಹಾಕಿದ್ದು 7. ಅವಳ ಸಂಬಳದಿಂದ ಮುಂಗಡಕ್ಕೆ ಕೊಟ್ಟಿದ್ದು 5. ಮಗಳ ಸ್ಕೂಲಿಗೆ 6. ಸರಿ, ಜೀವನಾಂಶ ಎಷ್ಟು? ‘ನನಗೆ ಕೆಲಸ ಇದೆ, ಅದೆಲ್ಲ ಬೇಡ’ ಅಂದಳು. ಅಂದರೆ ಜೀವನಾಂಶ ಅಂತ ಬರೆದ 18 ಲಕ್ಷದಲ್ಲಿ ಜೀವನಾಂಶ ಒಂದು ರೂಪಾಯಿಯೂ ಇರಲಿಲ್ಲ.

ಇವರಿಬ್ಬರದೇ ತಪ್ಪಲ್ಲ. ಟಿವಿಯಲ್ಲಿ, ಪೇಪರಿನಲ್ಲಿ, ಮದುವೆ ಮನೆ ಹರಟೆಯಲ್ಲಿ, ವಿಚ್ಛೇದನ ಅಂದಮೇಲೆ ಕೈ ಬದಲಾಗುವ ದುಡ್ಡಿಗೆಲ್ಲ ಈಗ ಈ ಒಂದೇ ಹೆಸರು. ‘ಜೀವನಾಂಶವಾಗಿ ಅರ್ಧ ಆಸ್ತಿ’ ಅಂತ ತಲೆಬರಹ ಬೇರೆ. ಅರ್ಧ ಆಸ್ತಿಯ ಲೆಕ್ಕ ಕ್ಯಾಲಿಫೋರ್ನಿಯಾದ್ದು. ನಮ್ಮ ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆ ಮುರಿದ ಕೂಡಲೇ ಆಸ್ತಿ ಎರಡು ಭಾಗವಾಗುವ ನಿಯಮವೇ ಇಲ್ಲ. ಮದುವೆಯ ಹೊತ್ತಿನಲ್ಲಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳ ಬಗ್ಗೆ 27ನೇ ಸೆಕ್ಷನ್ ಒಂದಿಷ್ಟು ಹೇಳುತ್ತದೆ, ಅಷ್ಟೇ.

ಗೊಂದಲದ ಮೂಲ ‘ಅಂಶ’ದಲ್ಲೇ ಇದೆ. ಅಂಶ ಅಂದರೆ ಪಾಲು. ಷಷ್ಠಾಂಶ ಅಂದರೆ ಆರರಲ್ಲಿ ಒಂದು ಪಾಲು, ಅಲ್ವಾ? ಹಾಗಾಗಿ ಜೀವನಾಂಶವೂ ಯಾವುದೋ ಒಂದರ ಪಾಲು ಅಂತ ಕಿವಿಗೆ ಕೇಳಿಸುತ್ತದೆ. ಆದರೆ ಇಲ್ಲಿ ಜೀವನವನ್ನು ಯಾರೂ ಪಾಲು ಮಾಡುತ್ತಿಲ್ಲ. ಜೀವನಕ್ಕೆ ಅಂತ, ಅಂದರೆ ಹೊಟ್ಟೆ-ಬಟ್ಟೆಗೆ ಅಂತ ತೆಗೆದಿಟ್ಟ ಅಂಶ ಇದು. ವ್ಯಾಕರಣದ ಮೇಷ್ಟ್ರಾದರೆ ಚತುರ್ಥೀ ತತ್ಪುರುಷ ಅಂದು ಮುಂದಕ್ಕೆ ಹೋಗುತ್ತಿದ್ದರು.

ಹಿಂದಿನ ಕೂಡು ಕುಟುಂಬದಲ್ಲಂತೂ ಪಾಲು ಮತ್ತು ಜೀವನಾಂಶ ಒಂದಕ್ಕೊಂದು ವಿರುದ್ಧ. ಗಂಡುಮಕ್ಕಳಿಗೆ ಪಾಲು. ಪಾಲಿಲ್ಲದ ವಿಧವೆಗೆ, ಬದುಕಿರುವ ತನಕ ಉಣ್ಣಲು ಎರಡೆಕರೆ. ಉಳಬಹುದು, ಉಣ್ಣಬಹುದು, ಮಾರುವ ಹಾಗಿಲ್ಲ. ಪಾಲು ಸಿಗದವರಿಗೆ ಸಿಗುತ್ತಿದ್ದದ್ದೇ ಜೀವನಾಂಶ! ಮೈಸೂರು ಸಂಸ್ಥಾನ 1933ರಲ್ಲೇ ಕಾಯಿದೆ ತಂದು ಹೆಂಗಸರಿಗೆ ಒಂದಿಷ್ಟು ಹಕ್ಕು ಕೊಟ್ಟಿತು. ಆಮೇಲೆ 1956ರ ಉತ್ತರಾಧಿಕಾರ ಕಾಯಿದೆ ಬಂತು. ಜೀವನಾಂಶಕ್ಕೆ ಬಿಟ್ಟ ಇಂಥ ಆಸ್ತಿ ಆ ಕಾಯಿದೆಯಿಂದ ಆಕೆಯ ಪೂರ್ತಿ ಸ್ವತ್ತೇ ಆಗುತ್ತದೆ ಅಂತ ಸುಪ್ರೀಂ ಕೋರ್ಟ್ 1977ರಲ್ಲಿ ತುಳಸಮ್ಮ ಪ್ರಕರಣದಲ್ಲಿ ಹೇಳಿತು. ನೆಲ ಆಕೆಯದಾಯಿತು, ಪದ ಮಾತ್ರ ಹಳೇ ಅರ್ಥದಲ್ಲೇ ಉಳಿಯಿತು.

ಇನ್ನೊಂದು ಪದ ನೆನಪಾಗುತ್ತದೆ: ಪಾಲುಪಾರೀಕತ್ತು. ಇದರ ಪಾರೀಕತ್ತು ಅರಬ್ಬಿ-ಪಾರಸಿಯ ‘ಫಾರಿಗ್ ಖತ್’, ಬಿಡುಗಡೆಯ ಪತ್ರ. ನಾವು ಅದನ್ನು ಅಣ್ಣತಮ್ಮಂದಿರ ಆಸ್ತಿ ಹಂಚಿಕೆಗೆ ಇಟ್ಟುಕೊಂಡೆವು. ಪಕ್ಕದ ಮರಾಠಿಯಲ್ಲಿ ಫಾರಕತ ಅಂದರೆ ಸಂಬಂಧ ಬಿಡಿಸಿಕೊಳ್ಳುವುದು. ಈ ಜೋಡಿಗೆ ನಿಜಕ್ಕೂ ಬೇಕಾಗಿದ್ದದ್ದು ಇದು, ಲೆಕ್ಕ ಮುಗಿಸಿ ಬಿಡುಗಡೆ. ಬರೆದದ್ದು ಮಾತ್ರ ಜೀವನಾಂಶ.

ಹೆಸರಲ್ಲೇನಿದೆ, ದುಡ್ಡು ಬಂದರಾಯಿತು ಅನ್ನುವವರು ಹಿಂದೂ ವಿವಾಹ ಕಾಯಿದೆಯ 25ನೇ ಸೆಕ್ಷನ್ ಓದಬೇಕು. ಶಾಶ್ವತ ಜೀವನಾಂಶ ಅದರ ಕೆಳಗೆ ಬರುತ್ತದೆ. ಹೆಸರು ಶಾಶ್ವತ, ಆದರೆ ಪರಿಸ್ಥಿತಿ ಬದಲಾದರೆ ಕೋರ್ಟು ಆದೇಶವನ್ನು ತಿದ್ದಬಹುದು. ಪಡೆಯುವವರು ಮರುಮದುವೆಯಾದರೆ ಕೊಡುವವರು ಅದನ್ನು ರದ್ದು ಮಾಡಿ ಅಂತಲೂ ಕೇಳಬಹುದು. ಈಗ ಆರನೇ ಪ್ಯಾರಾ ಮತ್ತೆ ನೋಡಿ. ಮೂರು ಕಂತು ಬಂದಮೇಲೆ ಅವಳು ಇನ್ನೊಂದು ಮದುವೆಯಾದಳು ಅಂದುಕೊಳ್ಳಿ. ಅವಳದೇ ಒಡವೆಯ ದುಡ್ಡನ್ನು ‘ಇನ್ನು ಕೊಡಬೇಕಿಲ್ಲ’ ಅನ್ನಲು ಅವನಿಗೆ ದಾರಿ ಅವಳೇ ಬರೆದುಕೊಟ್ಟಂತಾಯಿತು. ಇಂದಿನ ಸ್ನೇಹ ಆರನೇ ಕಂತಿನವರೆಗೂ ಬಾಳುತ್ತದೆ ಅಂತ ಯಾರು ಹೇಳುತ್ತಾರೆ?

ಒಡವೆ ಸ್ತ್ರೀಧನ. ಅದು ಅವಳ ಸ್ವಂತದ್ದು ಅಂತ ಸುಪ್ರೀಂ ಕೋರ್ಟ್ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಆ 7 ಲಕ್ಷ ‘ಕೊಡುವುದು’ ಅಲ್ಲ, ‘ವಾಪಸ್ ಮಾಡುವುದು’. ಮುಂಗಡದ 5 ಲಕ್ಷ ಫ್ಲ್ಯಾಟಿನ ಲೆಕ್ಕ. ಅದರ ಜೊತೆ ಫ್ಲ್ಯಾಟಿನ ಸಾಲದ ಲೆಕ್ಕವೂ ಬರಬೇಕು, ಯಾಕೆಂದರೆ ಸಾಲದ ಕಂತು ಅವನೇ ಕಟ್ಟುತ್ತಾನೆ ಅಂತ ಕೋರ್ಟಿನ ಕಾಗದದಲ್ಲಿದ್ದರೂ ಜಂಟಿ ಸಾಲ ಕೊಟ್ಟ ಬ್ಯಾಂಕು ಆ ರಾಜಿಗೆ ಸಹಿ ಹಾಕಿಲ್ಲ, ಅವನು ಕಟ್ಟದಿದ್ದರೆ ಅವಳನ್ನೂ ಕೇಳಬಹುದು. ಮಗಳ 6 ಲಕ್ಷ ಮಗಳದು. ಅಮ್ಮ ‘ನನಗೇನೂ ಬೇಡ’ ಅಂದರೆ ಮಗಳ ಹಕ್ಕು ಹೋಗುವುದಿಲ್ಲ.

ಅಂದಹಾಗೆ, ಜೀವನಾಂಶ ಹೆಂಡತಿಗೆ ಮಾತ್ರ ಅನ್ನುವುದೂ ತಪ್ಪು. ಅದೇ ವಿವಾಹ ಕಾಯಿದೆಯ 24 (ಕೇಸು ನಡೆಯುವಾಗಿನ ಜೀವನಾಂಶ) ಮತ್ತು 25ನೇ ಸೆಕ್ಷನ್‌ಗಳಲ್ಲಿ ಗಂಡನೂ ಕೇಳಬಹುದು. ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಹಳೆಯ ಸಿಆರ್‌ಪಿಸಿ 125, ಅಂದರೆ ಈಗಿನ ಬಿಎನ್‌ಎಸ್‌ಎಸ್ 144ರಲ್ಲಿ ಮಾತ್ರ ಗಂಡನಿಗೆ ಜಾಗವಿಲ್ಲ. ಅದು ಹೆಂಡತಿ, ಮಕ್ಕಳು, ತಂದೆತಾಯಿಗೆ.

ಸ್ವಂತವಾಗಿ ಬರೆದುಕೊಳ್ಳುವುದಕ್ಕೆ ನನ್ನ ತಕರಾರಿಲ್ಲ. 1984ರ ಕೌಟುಂಬಿಕ ನ್ಯಾಯಾಲಯ ಕಾಯಿದೆಯಲ್ಲೇ ವಕೀಲರನ್ನು ಇಟ್ಟುಕೊಳ್ಳುವುದು ಹಕ್ಕಲ್ಲ. ಆದರೆ ತೀರ್ಪು ಬರುವ ತನಕ ಒಬ್ಬರು ವಿಚ್ಛೇದನಕ್ಕೆ ಕೊಟ್ಟ ಒಪ್ಪಿಗೆ ಹಿಂದೆ ಪಡೆಯಬಹುದು ಅನ್ನುವುದು ನೆನಪಿರಲಿ. 1991ರಿಂದ ಸುಪ್ರೀಂ ಕೋರ್ಟಿನ ಮಾತು ಅದೇ. ಅದಕ್ಕೇ ಅರ್ಧ ದುಡ್ಡು ಮೊದಲು, ಉಳಿದದ್ದು ಕೊನೇ ದಿನ ಡಿಡಿಯಲ್ಲಿ ಅನ್ನುವ ರೂಢಿ. ಡಿಡಿ ನಂಬರು, ತಾರೀಕು, ಬ್ಯಾಂಕಿನ ಹೆಸರು ಕಾಗದದಲ್ಲೇ ಬರಲಿ.

ನಿನ್ನೆ ತಿದ್ದಿದ ಅರ್ಜಿ ಬಂತು. ಆರನೇ ಪ್ಯಾರಾ ಈಗ ನಾಲ್ಕು ಪ್ಯಾರಾ ಆಗಿದೆ: ಸ್ತ್ರೀಧನ ವಾಪಸ್, ಫ್ಲ್ಯಾಟಿನ ಲೆಕ್ಕ, ಮಗಳ ಖರ್ಚು. ನಾಲ್ಕನೆಯದು ಒಂದೇ ಸಾಲು: ‘ಜೀವನಾಂಶವನ್ನು ಇಬ್ಬರೂ ಕೇಳಿರುವುದಿಲ್ಲ.’