ಒಂದೇ ಭಾಷೆ, ಮೂರು ಕಾಗುಣಿತ: ಘಾನಾದ ಅಕಾನ್

ನೀರಿಗೆ ಕುಮಾಸಿಯ ಅಸಾಂಟೆ ಜನ ‘ನ್ಸುಒ’ ಎಂದು ಬರೆದರೆ ಅಕ್ವಾಪೆಮ್ ಗುಡ್ಡಸೀಮೆಯವರು ‘ನ್ಸು’ ಎಂದು ಬರೆಯುತ್ತಾರೆ. ಹೆಸರಿಗೆ ಇಬ್ಬರೂ ‘ದಿನ್’ ಅಂದರೆ ಕರಾವಳಿಯ ಫಾಂಟೆಯವರು ‘ಡ್ಜಿನ್’ ಅನ್ನುತ್ತಾರೆ. ಇ, ಎ ಸ್ವರಗಳ ಮುಂದೆ ಫಾಂಟೆಯಲ್ಲಿ ದಕಾರ ಡ್ಜ ಆಗುತ್ತದೆ, ತಕಾರ ತ್ಸ ಆಗುತ್ತದೆ. ಆದರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತದೆ. ಮೂರೂ ಅಕಾನ್ ಭಾಷೆಯ ಒಳನುಡಿಗಳು. ಮೊದಲೆರಡನ್ನು ಸೇರಿಸಿ ಟ್ವಿ ಎನ್ನುವುದು ರೂಢಿ. 2021ರ ಜನಗಣತಿಯಂತೆ ಘಾನಾದವರಲ್ಲಿ ಶೇ. 45.7 ಮಂದಿ ಅಕಾನರು.

ಹಾಗಾದರೆ ಬರಹ ಒಡೆದದ್ದೆಲ್ಲಿ? ಅಚ್ಚುಮನೆಯಲ್ಲಿ. ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಶನ್ ಮರುವರ್ಷವೇ ಅಕ್ವಾಪೆಮ್‌ನ ಅಕ್ರೊಪಾಂಗ್‌ನಲ್ಲಿ ನೆಲೆಯೂರಿತು. ಕಿಟೆಲ್ ಭಾರತಕ್ಕೆ ಬಂದ 1853ರಲ್ಲೇ ಯೋಹಾನ್ ಕ್ರಿಸ್ಟಾಲರ್ ಅಲ್ಲಿಗೆ ಹೋದರು. ಕಿಟೆಲ್ಲರಿಗೆ ಸಿದ್ಧ ಲಿಪಿಯಿತ್ತು, ಹಳೆಯ ಕಾವ್ಯಗಳಿದ್ದವು. ಕ್ರಿಸ್ಟಾಲರ್ ಒಂದೊಂದು ಸ್ವರಕ್ಕೂ ಅಕ್ಷರ ಗೊತ್ತುಮಾಡಬೇಕಿತ್ತು. ಡೇವಿಡ್ ಅಸಾಂಟೆ ಮುಂತಾದ ಸ್ಥಳೀಯ ವಿದ್ವಾಂಸರ ಜೊತೆ ದುಡಿದು 1871ಕ್ಕೆ ಬೈಬಲ್, 1875ಕ್ಕೆ ವ್ಯಾಕರಣ, 1881ಕ್ಕೆ ನಿಘಂಟು ಹೊರತಂದರು, ಎಲ್ಲವೂ ಅಕ್ವಾಪೆಮ್ ನುಡಿಯನ್ನು ಆಧರಿಸಿ. ಹೆಚ್ಚು ಜನ ಆಡುತ್ತಿದ್ದದ್ದು ಅಸಾಂಟೆ. ಆದರೆ ಕುಮಾಸಿಯಲ್ಲಿ ಮಿಶನ್ ಕಾಲೂರಿದ್ದು 1896ರಲ್ಲಿ. ಕರಾವಳಿಯಲ್ಲಿ ಮೆಥಡಿಸ್ಟರು ಫಾಂಟೆಗೆ ಬೇರೆಯೇ ಕಾಗುಣಿತ ಬೆಳೆಸಿದ್ದರು.

ಅಕಾನ್‌ಗೆ ಒಂಬತ್ತು ಮೂಲಸ್ವರಗಳಿವೆ, ಬರೆಯಲು ಏಳೇ ಅಕ್ಷರ. ಸ್ವರದ ಏರಿಳಿತಕ್ಕಂತೂ ಗುರುತೇ ಇಲ್ಲ. ‘ಪಪ’ ಎಂದು ಬರೆದರೆ ಅದು ತಂದೆಯೋ, ಒಳ್ಳೆಯದೋ, ಬೀಸಣಿಗೆಯೋ ಎಂಬುದನ್ನು ವಾಕ್ಯ ನೋಡಿಯೇ ತಿಳಿಯಬೇಕು.

ಮೂರನ್ನೂ ಬೆಸೆಯುವ ಏಕರೂಪ ಕಾಗುಣಿತವನ್ನು ಸಮಿತಿಯೊಂದು 1978ರಲ್ಲಿ ಸಿದ್ಧಪಡಿಸಿತು. ಶಾಲೆಗಳಲ್ಲಿ ಮಾತ್ರ ಅಸಾಂಟೆ, ಅಕ್ವಾಪೆಮ್, ಫಾಂಟೆ ಇಂದಿಗೂ ಬೇರೆ ಬೇರೆ ಭಾಷಾವಿಷಯಗಳು. ಪಠ್ಯವೂ ಪರೀಕ್ಷೆಯೂ ಬೇರೆಯಾಗಿರುವಾಗ ಹೊಸ ಕಾಗುಣಿತವನ್ನು ಮಗು ಕಲಿಯುವುದಾದರೂ ಯಾವ ತರಗತಿಯಲ್ಲಿ? ಸಮಿತಿಯ ಕೆಲಸ ಸೋತದ್ದು ಇಲ್ಲೇ ಎನ್ನಬೇಕು.

ಫೋನಿನಲ್ಲಿ ಇನ್ನೊಂದು ತೊಡಕು. ಬಾಯಿ ಅಗಲಿಸಿ ನುಡಿಯುವ ಎ, ಒ ಸ್ವರಗಳಿಗೆ ಟ್ವಿಯಲ್ಲಿ ಬೇರೆ ಅಕ್ಷರಗಳುಂಟು. ಇಂಗ್ಲಿಷ್ ಕೀಲಿಮಣೆಯಲ್ಲಿ ಅವು ಸಿಗುವುದಿಲ್ಲ. ಬರೀ ಇಂಗ್ಲಿಷಿನ ‘e’ ಒತ್ತಿದರೆ ‘ಹೇಳು’ ಎಂಬ ‘ಸೆ’ಗೂ ‘ಹೋಲು’ ಎಂಬ ‘ಸೆ’ಗೂ ಭೇದವೇ ಉಳಿಯದು. ಅದಕ್ಕೆ ಜನ ಆ ಅಗಲದ ‘ಎ’ಗೆ 3 ಅಂಕಿ, ಅಗಲದ ‘ಒ’ಗೆ ಮುಚ್ಚುವ ಆವರಣ ಚಿಹ್ನೆ ಒತ್ತುತ್ತಾರೆ. ‘ಹೇಗಿದ್ದೀಯ?’ ಎನ್ನುವ ‘ಎತೆ ಸೆನ್’ ಎಂಬಷ್ಟರಲ್ಲೇ ಎರಡು ಸಲ 3 ಬರುತ್ತದೆ.