ಬ್ಯಾಕಪ್ ಅಳಿಸುವ ಅಧಿಕಾರ ಯಾರ ಕೈಯಲ್ಲಿದೆ?

ರ‍್ಯಾನ್ಸಮ್‌ವೇರ್ ದಾಳಿಗೆ ಸಿಕ್ಕ ಕಚೇರಿಯಿಂದ ಬರುವ ಮೊದಲ ಕರೆಯಲ್ಲಿ "ಬ್ಯಾಕಪ್ ಇದೆ, ತೊಂದರೆಯಿಲ್ಲ" ಎಂಬ ಮಾತನ್ನು ಅನೇಕ ಬಾರಿ ಕೇಳಿದ್ದೇನೆ. ಗಂಟೆಯೊಂದು ಕಳೆದು ಅದೇ ವ್ಯಕ್ತಿ ಮತ್ತೆ ಕರೆ ಮಾಡುವಾಗ ದನಿ ಇಳಿದಿರುತ್ತದೆ: ಬ್ಯಾಕಪ್ಪೂ ಉಳಿದಿಲ್ಲ. ಇದು ದುರದೃಷ್ಟವಲ್ಲ, ದಾಳಿಕೋರರ ಲೆಕ್ಕಾಚಾರ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವವರ ದಂಧೆ ನಡೆಯುವುದೇ ಎದುರಿನವರಿಗೆ ಬೇರೆ ದಾರಿ ಇಲ್ಲದಿದ್ದಾಗ. ಹಳೆಯ ಪ್ರತಿಯಿಂದ ಎಲ್ಲವನ್ನೂ ಮರಳಿ ಕಟ್ಟಿಕೊಳ್ಳಬಲ್ಲವರು ಬೀಗದ ಕೈಗಾಗಿ ಹಣ ತೆರುವುದಿಲ್ಲ. ಆದ್ದರಿಂದ ಬೀಗ ಹಾಕುವ ಮೊದಲೇ ಆ ದಾರಿಯನ್ನು ಮುಚ್ಚಲಾಗುತ್ತದೆ. (ಕದ್ದ ಮಾಹಿತಿಯನ್ನು ಬಯಲು ಮಾಡುತ್ತೇವೆಂಬ ಬೆದರಿಕೆಗೆ ಯಾವ ಬ್ಯಾಕಪ್ಪೂ ಮದ್ದಲ್ಲ, ಅದನ್ನು ಇಲ್ಲಿ ಚರ್ಚಿಸುತ್ತಿಲ್ಲ.)

ಮೊದಲು ಒಂದೇ ಕಂಪ್ಯೂಟರಿನ ಒಳಗೆ ನಡೆಯುವುದನ್ನು ನೋಡೋಣ. ವಿಂಡೋಸ್‌ನಲ್ಲಿ ಶ್ಯಾಡೋ ಕಾಪಿ ಎಂಬ ವ್ಯವಸ್ಥೆಯಿದೆ. ಅದು ಡಿಸ್ಕನ್ನು ಪೂರ್ತಿಯಾಗಿ ನಕಲು ಮಾಡುವುದಿಲ್ಲ. ಡಿಸ್ಕಿನ ಯಾವುದಾದರೂ ಭಾಗ ಬದಲಾಗುವ ಹೊತ್ತಿಗೆ ಅಲ್ಲಿದ್ದ ಹಳೆಯ ಮಾಹಿತಿಯನ್ನು 16 ಕಿಲೋಬೈಟ್‌ಗಳ ತುಣುಕುಗಳಲ್ಲಿ ಪಕ್ಕಕ್ಕೆ ಎತ್ತಿಟ್ಟು, ಆಮೇಲೆ ಹೊಸದನ್ನು ಬರೆಯಲು ಬಿಡುತ್ತದೆ. ಕಡಿಮೆ ಜಾಗದಲ್ಲಿ, ಕ್ಷಣಾರ್ಧದಲ್ಲಿ ಹಿಂದಿನ ಸ್ಥಿತಿಗೆ ಮರಳಲು ಸಾಧ್ಯವಾಗುವುದು ಇದರಿಂದಲೇ. ಆದರೆ ಆ ತುಣುಕುಗಳು ಇರುವುದು ಸಾಮಾನ್ಯವಾಗಿ ಅದೇ ಡಿಸ್ಕಿನಲ್ಲಿ, ಮತ್ತು ಆ ಯಂತ್ರದ ಅಡ್ಮಿನ್ ಅಧಿಕಾರ ಪಡೆದ ಯಾರೇ ಆಗಲಿ ಒಂದು ಸಾಲಿನ ಆದೇಶದಿಂದ ಅವೆಲ್ಲವನ್ನೂ ಅಳಿಸಬಹುದು. 2017ರ ಮೇ ತಿಂಗಳಲ್ಲಿ ಹರಡಿದ ವಾನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಶ್ಯಾಡೋ ಕಾಪಿಗಳನ್ನು ಅಳಿಸಿದ್ದಲ್ಲದೆ, ಯಂತ್ರ ಆನ್ ಆಗುವಾಗ ತಾನಾಗಿ ನಡೆಯುವ ದುರಸ್ತಿಯನ್ನೂ ನಿಲ್ಲಿಸಿ, ವಿಂಡೋಸ್ ಬ್ಯಾಕಪ್ಪಿನ ಸೂಚಿಯನ್ನೂ ತೆಗೆದುಹಾಕುತ್ತಿತ್ತು. ಇದಕ್ಕೆ ಅದು ಬಳಸಿದ್ದು ವಿಂಡೋಸ್‌ನಲ್ಲೇ ಇರುವ ಸಾಧನಗಳನ್ನು. ಬೇಲಿಯೇ ಎದ್ದು ಹೊಲ ಮೇಯುವಾಗ ಆಂಟಿವೈರಸ್‌ಗೆ ಕಳ್ಳ ಕಾಣುವುದು ಕಷ್ಟ, ಏಕೆಂದರೆ ಆ ಸಾಧನಗಳಿಗೆ ನ್ಯಾಯವಾದ ಉಪಯೋಗಗಳೂ ಇವೆ.

ಭದ್ರತಾ ತಂತ್ರಾಂಶಗಳು ಈ ಅಳಿಸುವ ಆದೇಶವನ್ನು ಕಾಯತೊಡಗಿದ ಮೇಲೆ ದಾಳಿಕೋರರು ಹಾದಿ ಬದಲಿಸಿದರು. ಇವುಗಳಲ್ಲಿ ನನಗೆ ಅತ್ಯಂತ ಚತುರವೆನಿಸಿದ್ದು, ಅಳಿಸುವ ಗೋಜಿಗೇ ಹೋಗದೆ ಶ್ಯಾಡೋ ಕಾಪಿಗಳಿಗೆ ಮೀಸಲಾದ ಜಾಗವನ್ನು ಕೆಲವು ನೂರು ಮೆಗಾಬೈಟ್‌ಗಳಿಗೆ ಇಳಿಸಿಬಿಡುವ ಉಪಾಯ: ಜಾಗ ಸಾಲದೆ ವಿಂಡೋಸ್ ತಾನೇ ಹಳೆಯ ಪ್ರತಿಗಳನ್ನು ಹೊರಹಾಕುತ್ತದೆ, ದಾಳಿಕೋರ ಕೊಟ್ಟ ಆದೇಶದಲ್ಲಿ ಮಾತ್ರ ಅಳಿಸುವಿಕೆಯ ಸುಳಿವೇ ಇರುವುದಿಲ್ಲ. ರ‍್ಯೂಕ್ ಗುಂಪಿನದು ಒರಟು ವಿಧಾನ. ಅದರ ಆದೇಶದ ಕಡತವು ಬಿಎಕೆ, ವಿಎಚ್‌ಡಿ, ಬಿಕೆಎಫ್ ಮುಂತಾದ ಬಾಲಗಳಿರುವ ಕಡತಗಳನ್ನೂ, 'ಬ್ಯಾಕಪ್' ಎಂಬ ಹೆಸರಿನಿಂದ ಆರಂಭವಾಗುವವುಗಳನ್ನೂ ಒಂದೊಂದು ಡ್ರೈವಿನಲ್ಲೂ ಹುಡುಕಿ ಅಳಿಸುತ್ತಿತ್ತು.

ಸಂಸ್ಥೆಗಳ ಮಟ್ಟದಲ್ಲಿ ಕೆಲಸ ಇನ್ನೂ ನಿಧಾನ, ಇನ್ನೂ ಮೌನ. ನಾನು ಪರಿಶೀಲಿಸಿದ ಒಂದು ಸಂಸ್ಥೆಯಲ್ಲಿ 30 ದಿನಗಳ ಪ್ರತಿಗಳನ್ನು ಉಳಿಸಿಕೊಳ್ಳುವಂತೆ ಬ್ಯಾಕಪ್ ತಂತ್ರಾಂಶವನ್ನು ಹೊಂದಿಸಲಾಗಿತ್ತು. ಕಡತಗಳಿಗೆ ಬೀಗ ಬೀಳುವ ಆರು ದಿನ ಮೊದಲು ಆ 30 ಎಂಬುದು 1 ಆಗಿತ್ತು. ಅಂದಿನಿಂದ ತಂತ್ರಾಂಶವೇ ಹಳೆಯ ಪ್ರತಿಗಳನ್ನು ಶಿಸ್ತಾಗಿ ಹೊರಹಾಕುತ್ತ ಬಂದಿತ್ತು. ಮರುದಿನ ಮುಖ್ಯ ಡೇಟಾಬೇಸ್ ಸರ್ವರನ್ನು ಬ್ಯಾಕಪ್ ಪಟ್ಟಿಯಿಂದ ಕೈಬಿಡಲಾಗಿತ್ತು. ಇಷ್ಟಾದರೂ ಪ್ರತಿದಿನ ಬೆಳಿಗ್ಗೆ ಅಡ್ಮಿನ್‌ಗೆ "ಬ್ಯಾಕಪ್ ಯಶಸ್ವಿ" ಎಂಬ ಇಮೇಲ್ ಬರುತ್ತಿತ್ತು, ಮತ್ತು ಅದು ಸುಳ್ಳೂ ಆಗಿರಲಿಲ್ಲ: ಪಟ್ಟಿಯಲ್ಲಿ ಉಳಿದದ್ದರ ಬ್ಯಾಕಪ್ ನಿಜಕ್ಕೂ ಯಶಸ್ವಿಯಾಗಿತ್ತು. ಬದಲಾವಣೆಗಳ ಲಾಗ್ ತೆರೆದಾಗ ಕಂಡದ್ದು ಆ ಅಡ್ಮಿನ್‌ನದೇ ಬಳಕೆದಾರ ಹೆಸರು, ಅವರು ಮನೆಯಲ್ಲಿ ಮಲಗಿದ್ದ ಹೊತ್ತಿನಲ್ಲಿ.

ಮೂಲದೋಷ ಇದ್ದದ್ದು ಜೋಡಣೆಯಲ್ಲಿ. ಬ್ಯಾಕಪ್ ಸರ್ವರ್ ಕೂಡ ಉಳಿದ ಯಂತ್ರಗಳಿರುವ, ಒಂದೇ ಕಡೆಯಿಂದ ನಿಯಂತ್ರಿತವಾಗುವ ಗುಂಪಾದ ಡೊಮೈನ್‌ಗೇ ಸೇರಿದ್ದುದರಿಂದ, ಡೊಮೈನ್ ಅಡ್ಮಿನ್ ಪಾಸ್‌ವರ್ಡ್ ಸಿಕ್ಕವನಿಗೆ ಬ್ಯಾಕಪ್ ಕೂಡ ತಾನಾಗಿಯೇ ಸಿಕ್ಕಿತ್ತು. ಎಲ್ಲವನ್ನೂ ಒಂದೇ ಲಾಗಿನ್‌ನಿಂದ ನಿರ್ವಹಿಸುವ ಅನುಕೂಲ ಎಂಥದ್ದೆಂದು ಬಲ್ಲೆ. ನಾನೂ ಹಿಂದೆ ಹಾಗೆಯೇ ಮಾಡಿಕೊಟ್ಟಿದ್ದೇನೆ. ಬ್ಯಾಕಪ್ ತಂತ್ರಾಂಶದಲ್ಲಿಯೇ ದೋಷವಿದ್ದರೆ ಪಾಸ್‌ವರ್ಡ್ ಕದಿಯುವ ಶ್ರಮವೂ ಬೇಕಿಲ್ಲ. 2024ರ ಸೆಪ್ಟೆಂಬರ್‌ನಲ್ಲಿ ವೀಮ್ ಸಂಸ್ಥೆ ತನ್ನ ಬ್ಯಾಕಪ್ ತಂತ್ರಾಂಶದ ಒಂದು ಗಂಭೀರ ದೋಷವನ್ನು ಸರಿಪಡಿಸಿತು. ಅಪ್‌ಡೇಟ್ ಹಾಕಿಕೊಳ್ಳದಿದ್ದ ಸರ್ವರ್‌ಗಳಲ್ಲಿ ಅದೇ ದೋಷವನ್ನು ಅಕಿರಾ ಮತ್ತು ಫಾಗ್ ರ‍್ಯಾನ್ಸಮ್‌ವೇರ್ ದಾಳಿಗಳಲ್ಲಿ ಬಳಸಲಾಯಿತು.

ಪ್ರತಿಗಳ ಸಂಖ್ಯೆ ಹೆಚ್ಚಿಸಿದ ಮಾತ್ರಕ್ಕೆ ರಕ್ಷಣೆ ಹೆಚ್ಚುವುದಿಲ್ಲ ಎಂಬುದಕ್ಕೆ 2017ರ ಜೂನ್‌ನಲ್ಲಿ ಮಾರ್ಸ್ಕ್ ಹಡಗು ಸಂಸ್ಥೆಗೆ ಆದದ್ದು ಸಾಕ್ಷಿ. ನಾಟ್‌ಪೆಟ್ಯಾ ರ‍್ಯಾನ್ಸಮ್‌ವೇರ್ ವೇಷದಲ್ಲಿ ಅಲ್ಲಿಗೆ ನುಗ್ಗಿದ ಕುತಂತ್ರಾಂಶವಾದರೂ ಅದರ ಉದ್ದೇಶ ನಾಶವೇ ಆಗಿತ್ತು. ಆ ಸಂಸ್ಥೆಯಲ್ಲಿ ಯಾರಿಗೆ ಎಲ್ಲಿ ಪ್ರವೇಶವೆಂದು ನಿರ್ಧರಿಸುವ ಡೊಮೈನ್ ಕಂಟ್ರೋಲರ್‌ಗಳು ಪರಸ್ಪರ ಹೊಂದಾಣಿಕೆಯಲ್ಲಿ ನಡೆಯುತ್ತ ಒಂದಕ್ಕೊಂದು ಬ್ಯಾಕಪ್‌ನಂತಿದ್ದವು, ಮತ್ತು ಎಲ್ಲವೂ ಒಟ್ಟಿಗೇ ಅಳಿದವು. ಉಳಿದದ್ದು ಘಾನಾದ ಒಂದು ಯಂತ್ರ, ಅದೂ ಕರೆಂಟ್ ಹೋಗಿ ಆ ಹೊತ್ತಿಗೆ ಜಾಲದ ಸಂಪರ್ಕ ತಪ್ಪಿದ್ದರಿಂದ.

ಕ್ಲೌಡ್‌ಗೆ ಸಿಂಕ್ ಆಗುವ ಫೋಲ್ಡರನ್ನು ಬ್ಯಾಕಪ್ ಎಂದು ಕರೆಯುವವರು ಇನ್ನೂ ಇದ್ದಾರೆ. ಬೀಗ ಬಿದ್ದ ಕಡತವೂ ಅಷ್ಟೇ ನಿಷ್ಠೆಯಿಂದ ಸಿಂಕ್ ಆಗುತ್ತದೆ. ನಿಗದಿತ ಅವಧಿಯವರೆಗೆ ಬದಲಿಸಲಾಗದ, ಅಳಿಸಲಾಗದ ಸಂಗ್ರಹವನ್ನು ನಾನು ಶಿಫಾರಸು ಮಾಡುತ್ತೇನಾದರೂ ಅಲ್ಲಿಯೂ ಸೂಕ್ಷ್ಮಗಳಿವೆ. ಅಮೆಜಾನ್‌ನ ಎಸ್3 ಎಂಬ ಕ್ಲೌಡ್ ಸಂಗ್ರಹದಲ್ಲಿ ಈ ಬೀಗಕ್ಕೆ ಎರಡು ಬಗೆಗಳಿದ್ದು, ಗವರ್ನೆನ್ಸ್ ಬಗೆಯಲ್ಲಿ ವಿಶೇಷ ಅನುಮತಿ ಇರುವವರು ಅವಧಿಗೆ ಮುನ್ನವೇ ಬೀಗ ತೆಗೆಯಬಹುದು. ಕಂಪ್ಲಯನ್ಸ್ ಬಗೆಯಲ್ಲಿ ಖಾತೆಯ ಸರ್ವಾಧಿಕಾರವಿರುವ ರೂಟ್ ಬಳಕೆದಾರನಿಗೂ ಅದು ಸಾಧ್ಯವಿಲ್ಲ. ಸಂಸ್ಥೆಯೊಳಗೇ ಇಟ್ಟುಕೊಂಡ ಕೆಲವು ಸಾಧನಗಳಲ್ಲಿ ಅವಧಿಯನ್ನು ಅಳೆಯುವುದು ಸಾಧನದ ಗಡಿಯಾರ. ಆ ಗಡಿಯಾರ ಜಾಲದ ಯಾವುದೋ ಸರ್ವರ್‌ನಿಂದ ಸಮಯ ಪಡೆಯುತ್ತಿದ್ದರೆ, ಆ ಸರ್ವರನ್ನು ಹಿಡಿದವನು ವರ್ಷವನ್ನೇ ಮುಂದಕ್ಕೆ ತಳ್ಳಿ ಅವಧಿ ಮುಗಿಸಿಬಿಡಬಹುದು.

ಆದ್ದರಿಂದ ಈಗ ನಾನು ಸಂಸ್ಥೆಗಳಲ್ಲಿ "ಬ್ಯಾಕಪ್ ಇದೆಯೇ" ಎಂದು ಕೇಳುವುದನ್ನು ಬಿಟ್ಟಿದ್ದೇನೆ. ಅಡ್ಮಿನ್ ಪಕ್ಕದಲ್ಲಿ ಕುಳಿತು, ಡೊಮೈನ್ ಅಡ್ಮಿನ್ ಆಗಿ ಲಾಗಿನ್ ಮಾಡಿಸಿ, ಆ ಒಂದು ಲಾಗಿನ್‌ನಿಂದ ಯಾವ ಯಾವ ಪ್ರತಿಯನ್ನು ಅಳಿಸಬಹುದೆಂದು ಒಂದೊಂದಾಗಿ ತೆರೆದು ತೋರಿಸಲು ಹೇಳುತ್ತೇನೆ. ನಿಜವಾಗಿ ಅಳಿಸುವುದಿಲ್ಲ, ಅಳಿಸುವ ಗುಂಡಿ ಸಿಗುವಲ್ಲಿಯವರೆಗೆ ಹೋಗುತ್ತೇವೆ, ಅಷ್ಟೇ. ಗುಂಡಿ ಸಿಗದ ಪ್ರತಿಯೊಂದು ಉಳಿದರೆ, ಅದನ್ನು ಜಾಲದಿಂದ ಬೇರ್ಪಟ್ಟ ಖಾಲಿ ಯಂತ್ರದ ಮೇಲೆ ಮರಳಿ ಕಟ್ಟಿಸಿ ಎಷ್ಟು ಗಂಟೆ ಹಿಡಿಯಿತೆಂದು ಬರೆದಿಡಿಸುತ್ತೇನೆ. ಉಳಿಸಿಕೊಳ್ಳುವ ದಿನಗಳ ಸಂಖ್ಯೆ ಬದಲಾದರೆ, ಅಥವಾ ಪಟ್ಟಿಯಿಂದ ಒಂದು ಸರ್ವರ್ ಕಡಿಮೆಯಾದರೆ, ಆ ಸುದ್ದಿ ಬದಲಿಸಿದವರನ್ನು ಬಿಟ್ಟು ಇನ್ನೊಬ್ಬರ ಫೋನಿಗೆ ಹೋಗುವಂತೆ ಅಂದೇ ಹೊಂದಿಸಿ ಬರುತ್ತೇನೆ.