ಟ್ರೇಸಿ ನೆವಿಲ್ ಮತ್ತು ಒಂದೇ ಗೋಲಿನ ಲೆಕ್ಕ: ನೆಟ್‌ಬಾಲ್ ಓದುತ್ತಿರುವವರಿಗೆ ನನ್ನ ಟಿಪ್ಪಣಿ

ಆಟಗಾರ್ತಿಯಾಗಿದ್ದು ಆಮೇಲೆ ಕೋಚ್ ಆದವರ ಬಗ್ಗೆ ಓದುತ್ತಾ ಇಂಗ್ಲೆಂಡಿನ ಟ್ರೇಸಿ ನೆವಿಲ್ ಹತ್ತಿರ ಬಂದು ನಿಂತಿದ್ದೇನೆ. ಇಸವಿ, ಪದಕ ಎಲ್ಲ ಬೇಗ ತಲೆಗೆ ಹೋಯಿತು. ಎರಡು ಕಡೆ ಮಾತ್ರ ಸಿಕ್ಕಿಹಾಕಿಕೊಂಡೆ. ಒಂದು, ಸೆಂಟರ್ ಪಾಸ್, ಅಂದರೆ ಪ್ರತಿ ಗೋಲಿನ ನಂತರ ಅಂಕಣದ ಮಧ್ಯದಿಂದ ಆಟ ಮತ್ತೆ ಶುರು ಮಾಡುವ ಪಾಸ್. ಇನ್ನೊಂದು, 52–51 ಅನ್ನುವ ಸ್ಕೋರು. ಈಗ ತಾನೇ ಬಿಡಿಸಿಕೊಂಡಿದ್ದೇನೆ, ಮರೆಯುವ ಮೊದಲು ಬರೆದಿಡುತ್ತೇನೆ.

ಆಡುತ್ತಿದ್ದ ದಿನಗಳು

ಹುಟ್ಟಿದ್ದು 1977ರಲ್ಲಿ, ಇಂಗ್ಲೆಂಡಿನ ಬೆರಿ ಪಟ್ಟಣದಲ್ಲಿ. ಫುಟ್‌ಬಾಲ್ ಆಟಗಾರ ಫಿಲ್ ನೆವಿಲ್ ಇವರ ಅವಳಿ ಸಹೋದರ, ಗ್ಯಾರಿ ನೆವಿಲ್ ಅಣ್ಣ. ತಂದೆಯ ಹೆಸರು ನೆವಿಲ್ ನೆವಿಲ್. ಅಚ್ಚಿನ ತಪ್ಪಲ್ಲ, ಹೆಸರೇ ಹಾಗೆ. 1998ರ ಕೌಲಾಲಂಪುರ ಕಾಮನ್‌ವೆಲ್ತ್ ಕೂಟದಲ್ಲೂ 1999ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲೂ ಕಂಚು ಗೆದ್ದ ಇಂಗ್ಲೆಂಡ್ ತಂಡದಲ್ಲಿ ಇದ್ದರು. ಕೊನೆಗೆ ಮೊಣಕಾಲಿನ ಗಾಯದಿಂದ ಆಟ ನಿಂತಿತು.

ಅವರದು ಗೋಲ್ ಅಟ್ಯಾಕ್ ಸ್ಥಾನ. ನೆಟ್‌ಬಾಲ್‌ನಲ್ಲಿ ಏಳು ಜನ ಆಡಿದರೂ ಗೋಲ್ ಹಾಕುವ ಹಕ್ಕು ಇಬ್ಬರಿಗೇ: ಗೋಲ್ ಶೂಟರ್ ಮತ್ತು ಗೋಲ್ ಅಟ್ಯಾಕ್. ಶೂಟರ್ ಅಂಕಣದ ಮೂರನೇ ಒಂದು ಭಾಗ ಬಿಟ್ಟು ಆಚೆ ಹೋಗುವಂತಿಲ್ಲ. ಗೋಲ್ ಅಟ್ಯಾಕ್ ಮಧ್ಯದ ಭಾಗಕ್ಕೂ ಬರಬಹುದು. ಅಂದರೆ ಸೆಂಟರ್ ಪಾಸ್ ಹಿಡಿಯುವುದು, ಚೆಂಡನ್ನು ಮುಂದೆ ಸಾಗಿಸುವುದು, ಗೋಲ್ ಕಂಬದ ಮುಂದಿನ ಅರ್ಧವೃತ್ತದೊಳಗೆ ನುಗ್ಗಿ 3.05 ಮೀಟರ್ ಎತ್ತರದ ರಿಂಗ್‌ಗೆ ಹಾಕುವುದು, ಮೂರೂ ಕೆಲಸ ಅವರದ್ದೇ. ಈ ಜಾಗದಲ್ಲಿ ಆಡಿದವರಿಗೆ ಕೋಚ್ ಕೆಲಸ ಒಗ್ಗಿದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ. ಚೆಂಡು ಹುಟ್ಟುವಲ್ಲಿಂದ ಗೋಲಿನವರೆಗೆ ಇಡೀ ದಾರಿಯನ್ನು ಅವರು ನೋಡಿರುತ್ತಾರೆ.

ಸೆಂಟರ್ ಪಾಸ್: ನಾನು ಎಡವಿದ ಜಾಗ

ಫುಟ್‌ಬಾಲ್‌ನಲ್ಲಿ ಗೋಲ್ ಬಿಟ್ಟುಕೊಟ್ಟ ತಂಡವೇ ಮತ್ತೆ ಆಟ ಶುರು ಮಾಡುತ್ತದೆ, ಅಲ್ವಾ? ಇಲ್ಲೂ ಹಾಗೇ ಅಂದುಕೊಂಡು ಓದುತ್ತಿದ್ದೆ. ಹಾಗಾಗಿ ನೆವಿಲ್ ತಂಡದ 2018ರ ದೊಡ್ಡ ಗೆಲುವುಗಳು ಯಾಕೆ ಒಂದೇ ಗೋಲಿನಲ್ಲಿ ಬಂದವು, ಕೊನೆಯ ಸೆಕೆಂಡಿಗೆ ಯಾಕೆ ಅಷ್ಟು ಬೆಲೆ ಅನ್ನುವುದು ಅರ್ಥವೇ ಆಗಲಿಲ್ಲ.

ನಿಯಮ ಇಷ್ಟೇ: ಗೋಲ್ ಯಾರೇ ಹಾಕಲಿ, ಸೆಂಟರ್ ಪಾಸ್ ಸರದಿ ಪ್ರಕಾರ ಹೋಗುತ್ತದೆ. ಒಮ್ಮೆ ಎ ತಂಡ, ಮುಂದಿನ ಸಲ ಬಿ ತಂಡ, ಮತ್ತೆ ಎ. ಹದಿನೈದು ನಿಮಿಷದ ಕ್ವಾರ್ಟರ್ ಮುಗಿದು ಇನ್ನೊಂದು ಶುರುವಾದರೂ ಸರದಿ ಮುಂದುವರಿಯುತ್ತದೆ.

ಇದನ್ನು ಸುಮ್ನೆ ಓದಿಕೊಂಡು ಹೋದರೆ ಏನೂ ಅನಿಸುವುದಿಲ್ಲ. ಪೆನ್ಸಿಲ್ ಹಿಡಿದು ಬರೆಯಿರಿ. ಸ್ಕೋರು 0–0, ಸರದಿ ಎ ತಂಡದ್ದು. ಅವರು ಗೋಲ್ ಹಾಕಿದರು, 1–0. ಈಗ ಬಿ ಸರದಿ, ಅವರೂ ಹಾಕಿದರು, 1–1. ತಮ್ಮ ತಮ್ಮ ಸರದಿಯ ಚೆಂಡನ್ನು ಇಬ್ಬರೂ ಗೋಲ್ ಮಾಡುತ್ತಾ ಹೋದರೆ ಯಾರೂ ಮುಂದೆ ಹೋಗುವುದಿಲ್ಲ. 1–0 ನಿಜವಾದ ಮುನ್ನಡೆಯೇ ಅಲ್ಲ, ಬಿ ಸರದಿ ಇನ್ನೂ ಬಾಕಿ ಇದೆ ಅಷ್ಟೇ.

ಈಗ ಮತ್ತೆ 0–0ಯಿಂದ ಶುರು ಮಾಡಿ. ಎ ಸರದಿ. ಆದರೆ ಬಿ ತಂಡದವರು ಚೆಂಡು ಕಿತ್ತುಕೊಂಡು ಗೋಲ್ ಹಾಕಿದರು, 0–1. ಮುಂದಿನ ಸೆಂಟರ್ ಪಾಸ್ ಯಾರದು? ನಾನು ಪ್ರತಿ ಸಲ ಎ ಅಂತಲೇ ಬರೆದೆ. ತಪ್ಪು. ಎ ಸರದಿ ಮುಗಿದುಹೋಗಿದೆ, ಆದ್ದರಿಂದ ಈಗ ಬಿ ಸರದಿ. ಅವರು ಅದನ್ನೂ ಹಾಕಿದರೆ 0–2. ಎರಡೇ ಸೆಂಟರ್ ಪಾಸ್ ಆಗಿದೆ, 1–1 ಆಗಬೇಕಿದ್ದದ್ದು 0–2 ಆಗಿದೆ. ಒಂದು ಚೆಂಡು ಕೈತಪ್ಪಿದರೆ ಲೆಕ್ಕದಲ್ಲಿ ಎರಡು ಗೋಲಿನ ಅಂತರ ಬೀಳುತ್ತದೆ. ಇದಕ್ಕೇ ಟರ್ನೋವರ್ (ಚೆಂಡು ಎದುರಾಳಿಯ ಕೈಗೆ ಹೋಗುವುದು) ಅಂದರೆ ಕೋಚ್‌ಗಳು ಅಷ್ಟು ತಲೆಕೆಡಿಸಿಕೊಳ್ಳುವುದು.

ಇದರ ಬೆನ್ನಿಗೇ ಇನ್ನೊಂದು ಮಾತು. ಸ್ಕೋರು ಸಮ ಇದೆ, ಕೊನೆಯ ನಿಮಿಷ, ಚೆಂಡು ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಅದು ನಿಮ್ಮದೇ ಸರದಿಯ ಚೆಂಡಾಗಿದ್ದರೆ, 40 ಸೆಕೆಂಡು ಇರುವಾಗಲೇ ಗೋಲ್ ಹಾಕಿದರೆ ಎದುರಾಳಿಗೆ ಸೆಂಟರ್ ಪಾಸ್ ಸಿಗುತ್ತದೆ, ಅವರು ಆರಾಮಾಗಿ ಸಮ ಮಾಡಬಹುದು. ಕೊನೆಯ ಸೆಕೆಂಡಿನಲ್ಲಿ ಹಾಕಿದರೆ ಅವರಿಗೆ ಸಮಯವೇ ಉಳಿಯುವುದಿಲ್ಲ. ಹಾಗಂತ ಚೆಂಡು ಹಿಡಿದುಕೊಂಡು ನಿಲ್ಲುವಂತಿಲ್ಲ, ಒಬ್ಬರ ಕೈಯಲ್ಲಿ ಮೂರು ಸೆಕೆಂಡು ಮಾತ್ರ. ಪಾಸ್ ಮಾಡುತ್ತಲೇ ಕಾಯಬೇಕು, ಪ್ರತಿ ಪಾಸೂ ಒಂದು ಅಪಾಯ.

ಕೋಚ್ ನೆವಿಲ್

ಮ್ಯಾಂಚೆಸ್ಟರ್ ಥಂಡರ್ ತಂಡದ ಜೊತೆ 2012 ಮತ್ತು 2014ರಲ್ಲಿ ಬ್ರಿಟನ್ನಿನ ನೆಟ್‌ಬಾಲ್ ಲೀಗ್ ಆದ ಸೂಪರ್‌ಲೀಗ್ ಗೆದ್ದರು. 2015ರಲ್ಲಿ ಇಂಗ್ಲೆಂಡ್ ತಂಡದ ಹೊಣೆ ಬಂತು. ಅದೇ ವರ್ಷ ಸಿಡ್ನಿಯಲ್ಲಿ ವಿಶ್ವಕಪ್. ಮಗಳ ತಂಡವನ್ನು ನೋಡಲು ಆಸ್ಟ್ರೇಲಿಯಾಕ್ಕೆ ಹೋಗಿದ್ದ ತಂದೆ, ಟೂರ್ನಿ ಶುರುವಾಗುವ ಹೊತ್ತಿಗೆ ಅಲ್ಲೇ ತೀರಿಕೊಂಡರು. ನೆವಿಲ್ ತಂಡವನ್ನು ಬಿಟ್ಟು ಹೋಗಲಿಲ್ಲ, ಇಂಗ್ಲೆಂಡ್ ಕಂಚು ಗೆದ್ದಿತು. ಈ ಸಾಲನ್ನು ನಾನು ಎಷ್ಟು ಸಲ ಓದಿದರೂ ಮುಂದಿನ ಸಾಲಿಗೆ ಹೋಗಲು ಸ್ವಲ್ಪ ಹೊತ್ತು ಬೇಕಾಗುತ್ತದೆ.

2018, ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟ. 1998ರಲ್ಲಿ ನೆಟ್‌ಬಾಲ್ ಸೇರಿದಾಗಿನಿಂದ ಚಿನ್ನ ಹೋಗಿದ್ದು ಆಸ್ಟ್ರೇಲಿಯಾಕ್ಕೆ ಇಲ್ಲವೇ ನ್ಯೂಜಿಲೆಂಡ್‌ಗೆ. ಐದೂ ಫೈನಲ್ ಆಡಿದ್ದು ಅವರಿಬ್ಬರೇ. ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಜಮೈಕಾವನ್ನು 56–55ರಿಂದ ಸೋಲಿಸಿತು. ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎದುರು 51–51 ಇದ್ದಾಗ ಹೆಲೆನ್ ಹೌಸ್ಬಿ ಕೊನೆಯ ಸೆಕೆಂಡಿನಲ್ಲಿ ಗೋಲ್ ಹಾಕಿದರು. 52–51. ಮೇಲಿನ ಲೆಕ್ಕ ಗೊತ್ತಾದ ಮೇಲೆ ಈ ಗೋಲನ್ನು ನೋಡಿ: ಆಸ್ಟ್ರೇಲಿಯಾಕ್ಕೆ ಇನ್ನೊಂದು ಸೆಂಟರ್ ಪಾಸ್‌ಗೆ ಹೊತ್ತೇ ಉಳಿದಿರಲಿಲ್ಲ.

ಎರಡು 52–51, ಗೊಂದಲ ಬೇಡ

ಮರುವರ್ಷ, ಲಿವರ್‌ಪೂಲ್‌ನಲ್ಲಿ ನಡೆದ 2019ರ ವಿಶ್ವಕಪ್ ಫೈನಲ್. ಸೋತಿದ್ದು ಮತ್ತೆ ಆಸ್ಟ್ರೇಲಿಯಾ, ಸ್ಕೋರು ಮತ್ತೆ 52–51. ಆದರೆ ಗೆದ್ದಿದ್ದು ನ್ಯೂಜಿಲೆಂಡ್, ಕೋಚ್ ನೊಲೀನ್ ಟೌರುವಾ. ಅವರೂ ನ್ಯೂಜಿಲೆಂಡ್ ಪರ ಆಡಿ ಆಮೇಲೆ ಕೋಚ್ ಆದವರೇ, ಅದಕ್ಕೇ ಗೊಂದಲ ಇನ್ನೂ ಜಾಸ್ತಿ. ನಾನು ವಿಶ್ವಕಪ್ಪನ್ನು ನೆವಿಲ್ ಹೆಸರಿಗೆ ಬರೆದುಬಿಟ್ಟಿದ್ದೆ.

ನಾನು ಕಂಡುಕೊಂಡ ಉಪಾಯ: ಎರಡು ಸಲವೂ ಆತಿಥೇಯ ದೇಶ ಗೆಲ್ಲಲಿಲ್ಲ. ಗೋಲ್ಡ್ ಕೋಸ್ಟ್ ಇರುವುದು ಆಸ್ಟ್ರೇಲಿಯಾದಲ್ಲಿ, ಗೆದ್ದಿದ್ದು ಇಂಗ್ಲೆಂಡ್. ಲಿವರ್‌ಪೂಲ್ ಇರುವುದು ಇಂಗ್ಲೆಂಡಿನಲ್ಲಿ, ಆದ್ದರಿಂದ ಅಲ್ಲಿ ಇಂಗ್ಲೆಂಡ್ ಗೆದ್ದಿರಲು ಸಾಧ್ಯವಿಲ್ಲ. ಊರಿನ ಹೆಸರು ನೆನಪಿದ್ದರೆ ಉತ್ತರ ತಾನಾಗಿ ಬರುತ್ತದೆ. ಲಿವರ್‌ಪೂಲ್‌ನ ಸೆಮಿಫೈನಲ್‌ನಲ್ಲಿ ಇಂಗ್ಲೆಂಡನ್ನು 47–45ರಿಂದ ಸೋಲಿಸಿದ್ದೂ ನ್ಯೂಜಿಲೆಂಡೇ. ಇಂಗ್ಲೆಂಡ್‌ಗೆ ಕಂಚು. ಅಲ್ಲಿಗೆ ನೆವಿಲ್ ಇಂಗ್ಲೆಂಡ್ ಹುದ್ದೆ ಬಿಟ್ಟರು.

ಇನ್ನೊಂದು ಕೊಂಡಿ ನನಗೆ ತುಂಬಾ ಇಷ್ಟ. ನೆವಿಲ್ ತಂಡದ ಗೋಲ್ ಕೀಪರ್ ಗೀವಾ ಮೆಂಟರ್, ಆಸ್ಟ್ರೇಲಿಯಾದ ಸೂಪರ್ ನೆಟ್‌ಬಾಲ್ ಲೀಗ್‌ನಲ್ಲಿ ಸನ್‌ಶೈನ್ ಕೋಸ್ಟ್ ಲೈಟ್ನಿಂಗ್ ನಾಯಕಿಯಾಗಿ 2017 ಮತ್ತು 2018ರಲ್ಲಿ ಪ್ರಶಸ್ತಿ ಗೆದ್ದರು. ಆ ತಂಡದ ಕೋಚ್ ಯಾರು ಗೊತ್ತಾ? ಟೌರುವಾ. ಹೌಸ್ಬಿ, ಜೋ ಹಾರ್ಟನ್ ಕೂಡ 2017ರಿಂದ ಅದೇ ಲೀಗ್‌ನಲ್ಲಿ ಆಡುತ್ತಿದ್ದರು. ವಾರ ವಾರ ಆಸ್ಟ್ರೇಲಿಯಾದವರ ಎದುರೇ ಆಡಿದವರಿಗೆ ಫೈನಲ್‌ನ ಕೊನೆಯ ನಿಮಿಷ ಹೊಸದಾಗಿರಲಿಲ್ಲ ಅಂತ ನನಗೆ ಅನಿಸುತ್ತದೆ. ನೆವಿಲ್ ಕೂಡ ಮುಂದೆ ಅದೇ ಲೀಗ್‌ಗೆ ಹೋದರು: 2024ರಲ್ಲಿ ಹೊಸದಾಗಿ ಬಂದ ಮೆಲ್ಬರ್ನ್ ಮಾವೆರಿಕ್ಸ್ ತಂಡದ ಮೊದಲ ಮುಖ್ಯ ಕೋಚ್ ಅವರು.

ಕೊನೆಗೆ ಒಂದು ಲೆಕ್ಕ, ಉತ್ತರ ಮುಚ್ಚಿಟ್ಟುಕೊಂಡು ಮಾಡಿ. ಸ್ಕೋರು 51–51, ಉಳಿದಿರುವುದು 40 ಸೆಕೆಂಡು, ಸೆಂಟರ್ ಪಾಸ್ ಎ ತಂಡದ್ದು. ಬಿ ತಂಡ ಚೆಂಡು ಕಿತ್ತುಕೊಂಡು 20 ಸೆಕೆಂಡು ಇರುವಾಗ ಗೋಲ್ ಹಾಕಿತು. ಮುಂದಿನ ಸೆಂಟರ್ ಪಾಸ್ ಯಾರದು, ಅವರು ಏನು ಮಾಡಬೇಕು? ಉತ್ತರ: ಬಿ ತಂಡದ್ದೇ. ಇನ್ನೊಂದು ಗೋಲ್ ಬೇಕಿಲ್ಲ, ಮೂರು ಸೆಕೆಂಡಿನೊಳಗೆ ಪಾಸ್ ಮಾಡುತ್ತಾ 20 ಸೆಕೆಂಡು ಚೆಂಡು ಉಳಿಸಿಕೊಂಡರೆ ಸಾಕು.